ಜೈಲಿನ ಪಾಠಕ್ಕೆ ಮೇಷ್ಟ್ರು ಯಾರು?

ಜೈಲುಗಳಲ್ಲಿ ಹೆಪಟೈಟಿಸ್ ಸಿ ಎಂಬ ಲಿವರಿನ ಸೋಂಕು ತಡೆಯುವ ಬಗ್ಗೆ ನಾವು ಪ್ರಕಟಿಸಿದ ಲೇಖನಕ್ಕೆ ಹಾವೇರಿ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಅವರ ತಕರಾರು ಎರಡು. ‘ಆರೋಗ್ಯದ ಪಾಠವನ್ನು ಡಾಕ್ಟರು ಹೇಳಬೇಕು, ಕೈದಿಗೆ ಕೈದಿ ಹೇಳುವುದೇನು? ಹೊರಗಿನ ಬಡವನಿಗೇ ಔಷಧಿ ಸಿಗದಿರುವಾಗ ಒಳಗಿನವರಿಗೇಕೆ ಇಷ್ಟು ಉಪಚಾರ?’ ಕೊನೆಯಲ್ಲಿ, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡ ಮೊಮ್ಮಗನಿಗೆ ಪರೀಕ್ಷೆ ಬೇಕೇ ಎಂದೂ ಕೇಳಿದ್ದಾರೆ.

ಮೇಷ್ಟ್ರೇ, ನಮಸ್ಕಾರ.

ಪತ್ರ ಖಾರವಾಗಿದೆ. ಇರಲಿ, ಸುಮ್ನೆ ಹೊಗಳುವ ಪತ್ರಕ್ಕಿಂತ ಇದೇ ವಾಸಿ.

ಮೊದಲು ಡಾಕ್ಟರ ವಿಷಯ. ಸಿ ವೈರಸ್ ಹರಡುವುದು ರಕ್ತದಿಂದ ರಕ್ತಕ್ಕೆ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಕೈ ಕುಲುಕಿದರೂ ಬರುವುದಿಲ್ಲ. ಜೈಲಿನಲ್ಲಿ ಅದಕ್ಕಿರುವ ದಾರಿ ಅಂದರೆ ಮಾದಕ ವಸ್ತು ಚುಚ್ಚಿಕೊಳ್ಳಲು ಹಂಚಿಕೊಂಡ ಸಿರಿಂಜು, ಒಂದೇ ಸೂಜಿಯಲ್ಲಿ ಹತ್ತಾರು ಜನಕ್ಕೆ ಹಾಕುವ ಹಚ್ಚೆ, ಕೈಯಿಂದ ಕೈಗೆ ಹೋಗುವ ಬ್ಲೇಡು. ಇವುಗಳಲ್ಲಿ ಹೆಚ್ಚಿನವು ಅಲ್ಲಿ ನಿಷಿದ್ಧ. ಡಾಕ್ಟರು ‘ಸೂಜಿ ಚುಚ್ಚಿಕೊಳ್ತೀಯಾ?’ ಅಂತ ಕೇಳಿದರೆ ‘ಇಲ್ಲ ಸಾರ್’ ಅನ್ನುವ ಉತ್ತರ ಮೊದಲೇ ಸಿದ್ಧ. ಹೌದು ಅಂದರೆ ಶಿಕ್ಷೆ ಕಾದಿರುತ್ತದಲ್ವಾ? ಅದೇ ಮನುಷ್ಯ ಪಕ್ಕದಲ್ಲಿ ಮಲಗುವವನ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ.

ಇದು ನನ್ನ ಊಹೆಯಲ್ಲ. ಪೂರ್ವ ಯೂರೋಪಿನ ಮೊಲ್ಡೋವಾ ದೇಶದ ಬ್ರನೆಷ್ಟಿ ಜೈಲಿನಲ್ಲಿ 1999ರಲ್ಲಿ ಹಳೆಯ ಸಿರಿಂಜು ಪಡೆದು ಹೊಸದು ಕೊಡಲು ಶುರು ಮಾಡಿದರು. ಮೊದಲು ಕೊಟ್ಟದ್ದು ಜೈಲಿನ ಆಸ್ಪತ್ರೆಯಿಂದಲೇ. ಬಂದವರು ಕಡಿಮೆ. ಎಲ್ಲರೂ ನೋಡುವಾಗ ಆ ಬಾಗಿಲಿಗೆ ಯಾರು ಹೋಗುತ್ತಾರೆ? ಆಮೇಲೆ ತರಬೇತಿ ಕೊಟ್ಟ ಕೈದಿಗಳಿಗೇ ಆ ಕೆಲಸ ವಹಿಸಿದರು. ಪಡೆಯುವವರ ಸಂಖ್ಯೆ ಚೆನ್ನಾಗಿ ಏರಿತು. ಸಿರಿಂಜು ಅದೇ, ಕೊಡುವ ಕೈ ಮಾತ್ರ ಬೇರೆ.

‘ಅರ್ಹತೆ ಬೇಡವೇ’ ಅಂತ ಕೇಳಿದ್ದೀರಿ. ಖಂಡಿತ ಬೇಕು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಜೈಲುಗಳಲ್ಲಿ 2009ರಿಂದ ನಡೆಯುತ್ತಿರುವ ಕಾರ್ಯಕ್ರಮ ನೋಡಿ. ಆಯ್ದ ಕೈದಿಗಳು ಮೊದಲು 40 ಗಂಟೆ ತರಬೇತಿ ಪಡೆಯುತ್ತಾರೆ. ಆಮೇಲೆ ಉಳಿದವರಿಗೆ 10 ಗಂಟೆಯ ಕಾರ್ಯಾಗಾರ ನಡೆಸುತ್ತಾರೆ. ಲಿವರಿಗೆ ಏನಾಗುತ್ತದೆ, ಹಚ್ಚೆಯ ಸೂಜಿ ಏಕೆ ಅಪಾಯ, ಪರೀಕ್ಷೆ ಮಾಡಿಸಿ ಅಂತ ಹೇಗೆ ಕೇಳಬೇಕು, ಎಲ್ಲವೂ ಅಲ್ಲಿನ ಆಡುಮಾತಿನಲ್ಲೇ. ಹಿಂದೆ ವಿಶ್ವವಿದ್ಯಾಲಯದ ತಜ್ಞರ ಬೆಂಬಲವಿದೆ.

ಆ ತಜ್ಞರ ಕೂಟದ ಹೆಸರು ಪ್ರಾಜೆಕ್ಟ್ ಎಕೋ. ಶುರು ಮಾಡಿದವರು ಭಾರತ ಮೂಲದ ಲಿವರ್ ತಜ್ಞ ಡಾ. ಸಂಜೀವ್ ಅರೋರಾ, 2003ರಲ್ಲಿ. ಆಗ ಅವರ ಕ್ಲಿನಿಕ್‌ನಲ್ಲಿ ಸರದಿಗೆ 8 ತಿಂಗಳು ಕಾಯಬೇಕಿತ್ತು. ರೋಗಿಯನ್ನು ಕರೆಸುವ ಬದಲು ಅವರು ವಿಡಿಯೊ ಮೂಲಕ ಹಳ್ಳಿಯ ಮತ್ತು ಜೈಲಿನ ವೈದ್ಯರಿಗೇ ಚಿಕಿತ್ಸೆ ಕಲಿಸಿದರು. 407 ರೋಗಿಗಳನ್ನು ಹೋಲಿಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ದೊಡ್ಡಾಸ್ಪತ್ರೆಯಲ್ಲೂ ಶೇ. 58ರ ಆಸುಪಾಸು ಗುಣ, ಹಳ್ಳಿ ಮತ್ತು ಜೈಲಿನಲ್ಲೂ ಅಷ್ಟೇ. ಅದು ಈಗಿನ ಮಾತ್ರೆಗಳು ಬರುವ ಮೊದಲಿನ, ಇಂಜೆಕ್ಷನ್ ಚಿಕಿತ್ಸೆಯ ಕಾಲ. ನಮ್ಮ ನಿಮ್ಹಾನ್ಸ್ ಕೂಡ ಮಾನಸಿಕ ಆರೋಗ್ಯದ ತರಬೇತಿಗೆ ಇದೇ ಮಾದರಿ ಬಳಸಿದೆ.

ಇನ್ನು ಹೊರಗಿನ ಬಡವನ ಮಾತು. ಈ ಕಾಯಿಲೆಯ ಮಟ್ಟಿಗೆ ನಿಮ್ಮ ಲೆಕ್ಕ ಸರಿಯಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಮತ್ತು ಸಿಗೆ ನಿಗದಿತ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ಸಿಗೆ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ನೂರಕ್ಕೆ ತೊಂಬತ್ತೈದು ಜನ ಪೂರ್ತಿ ಗುಣವಾಗುತ್ತಾರೆ. ಕೈದಿಗೆ ಕೊಟ್ಟದ್ದು ಬಡವನ ಪಾಲಿನಿಂದ ಕಿತ್ತದ್ದಲ್ಲ. ಅದೂ ಅಲ್ಲದೆ ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ತಪ್ಪು ಸಾಬೀತಾಗಿಲ್ಲ. ಇವತ್ತು ಒಳಗೆ, ನಾಳೆ ಜಾಮೀನು ಸಿಕ್ಕರೆ ನಿಮ್ಮ ಬೀದಿಯಲ್ಲಿ.

ಆದರೆ ಒಂದು ಮಾತು ಒಪ್ಪುತ್ತೇನೆ. ‘ಬರೀ ಪಾಠದಿಂದ ರೋಗ ನಿಲ್ಲುತ್ತದೆಯೇ’ ಎಂದಿದ್ದೀರಿ. ನಿಲ್ಲುವುದಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ನಾಲ್ಕು ಜೈಲುಗಳಲ್ಲಿ ಹೊಸ ಮಾತ್ರೆಗಳನ್ನು ಧಾರಾಳವಾಗಿ ಕೊಟ್ಟ ಮೇಲೆ ಹೊಸ ಸೋಂಕು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಅಲ್ಲಿ ಹೊಸ ಸಿರಿಂಜು ಕೊಡಲಿಲ್ಲ, ಗುಣವಾದ ಕೆಲವರಿಗೆ ಮತ್ತೆ ಸೋಂಕು ತಗುಲಿತು. ಸಿಗೆ ಲಸಿಕೆಯೇ ಇಲ್ಲ. ಒಮ್ಮೆ ವಾಸಿಯಾದರೆ ಇನ್ನು ಬರುವುದಿಲ್ಲ ಅನ್ನುವ ಹಾಗೂ ಇಲ್ಲ. ಪರೀಕ್ಷೆ, ಮಾತ್ರೆ, ಶುದ್ಧ ಸೂಜಿ ಯಾವುದೂ ಇಲ್ಲದೆ ‘ಹುಷಾರಾಗಿರಿ’ ಅಂತ ಗೋಡೆಗೆ ಪೋಸ್ಟರ್ ಅಂಟಿಸುವುದು ನನ್ನ ಪ್ರಕಾರ ಕೈ ತೊಳೆದುಕೊಳ್ಳುವ ಕೆಲಸ. ಜೈಲಿನಲ್ಲಿ ಸಿರಿಂಜು ಕೊಡಲು ನಮ್ಮಲ್ಲಿ ಯಾವ ಅಧಿಕಾರಿಯೂ ಸುಲಭಕ್ಕೆ ಒಪ್ಪಲಾರರು, ಅದು ಗೊತ್ತು. ಕನಿಷ್ಠ ಪ್ರತಿಯೊಬ್ಬನಿಗೂ ಅವನದೇ ಬ್ಲೇಡು, ಒಳಗೆ ಬಂದಾಗ ಒಂದು ರಕ್ತಪರೀಕ್ಷೆ, ಬಿ ತಡೆಯಲು ಲಸಿಕೆ, ಇಷ್ಟಕ್ಕೆ ಅಡ್ಡಿ ಏನಿದೆ?

ನ್ಯೂ ಮೆಕ್ಸಿಕೋದ 40 ಗಂಟೆಯನ್ನು ಹಾಗೇ ಇಲ್ಲಿಗೆ ತರುವುದೂ ಕಷ್ಟ. ಪಾಠ ಅರ್ಧ ಆಗುವಷ್ಟರಲ್ಲಿ ಶಿಷ್ಯ ಜಾಮೀನಿನ ಮೇಲೆ ಹೋಗಿರುತ್ತಾನೆ! ನಮಗೆ ಬೇಕಾದದ್ದು ಒಂದೇ ಸಂಜೆಯಲ್ಲಿ ಮುಗಿಯುವ ಪಾಠ. ಪಠ್ಯವನ್ನು ಚಿಕ್ಕದು ಮಾಡುವ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊಮ್ಮಗ ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡ ವಿಷಯ. ಸೂಜಿ ಹೊಸದಾಗಿತ್ತೋ ಇಲ್ಲವೋ ನೆನಪಿಲ್ಲ ಅನ್ನುತ್ತಾನಾದರೆ ಪರೀಕ್ಷೆ ಮಾಡಿಸಿ. ಕಣ್ಣು ಹಳದಿಯಾಗಿಲ್ಲ ಅಂತ ಸುಮ್ಮನಿರಬೇಡಿ. ಸಿ ಬಂದವರಲ್ಲಿ ಹೆಚ್ಚಿನವರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಹಾಕಿಸಿ ಮೂರು ತಿಂಗಳು ಆಗಿಲ್ಲದಿದ್ದರೆ, ಈಗ ನೆಗೆಟಿವ್ ಬಂದರೂ ಆಮೇಲೆ ಇನ್ನೊಮ್ಮೆ ನೋಡಬೇಕು. ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ಗಾಬರಿ ಬೇಡ. ವೈರಸ್ ಈಗಲೂ ಇದೆಯೇ ಎಂದು ಎರಡನೇ ಪರೀಕ್ಷೆ ಹೇಳುತ್ತದೆ, ಕೆಲವರಲ್ಲಿ ಅದು ತಾನಾಗಿಯೇ ಹೋಗಿರುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಬಿ ಲಸಿಕೆ ಆಗಿದೆಯೇ ಎಂದು ಅಲ್ಲೇ ಕೇಳಿಬಿಡಿ.

– ಸಂ.