ಮಿನಿಮಮ್ ವೇಜ್ ಕೊಡ್ತಿದೀವಲ್ಲ, ಇನ್ನೇನ್ ಮಾತು ಅಂತಾರೆ ಸಾರ್

ಪ್ರಶ್ನೆ: ಸಾರ್, ಮಾಚೇನಹಳ್ಳಿ ಕಡೆ ಫೌಂಡ್ರಿಲಿ ಕೆಲ್ಸ, 140 ಜನ ಇದೀವಿ, ಎಲ್ರೂ ಪರ್ಮನೆಂಟ್. ಮೂರು ವರ್ಷದಿಂದ ಸಂಬಳ ಏರಿದ್ದು ಸರ್ಕಾರದ ಡಿಎ (ತುಟ್ಟಿಭತ್ಯೆ) ಬಂದಾಗ ಮಾತ್ರ. ಕೇಳಿದ್ರೆ ಮಿನಿಮಮ್ ವೇಜ್ ಕೊಡ್ತಿದೀವಲ್ಲ ಅಂತಾರೆ. ಯೂನಿಯನ್ ಮಾಡೋಣ ಅಂದ್ರೆ ಆಗ್ಲೇ ಎರಡು ಗುಂಪು. ನಮ್ ಭಾವ ಸರ್ಕಾರಿ ಮೇಷ್ಟ್ರು, ನಾವು ಒಂದಿನ ಸ್ಟ್ರೈಕ್ ಮಾಡಿ ರಾಜ್ಯಕ್ಕೇ 17 ಪರ್ಸೆಂಟ್ ತಗೊಂಡ್ವಿ, ನೀವೂ ಕೆಲ್ಸ ನಿಲ್ಸಿ ಅಂತಾರೆ. ನಿಲ್ಲಿಸ್ಬಹುದಾ?
– ಒಬ್ಬ ಓದುಗರು, ಭದ್ರಾವತಿ

ಉತ್ತರ: ಈಗ್ಲೇ ನಿಲ್ಲಿಸ್ಬೇಡಿ ಮಾರಾಯ್ರೆ.

ನಿಮ್ ಭಾವ ಹೇಳಿದ್ದು ಸುಳ್ಳಲ್ಲ. 2023ರ ಮಾರ್ಚ್ 1ಕ್ಕೆ ರಾಜ್ಯ ಸರ್ಕಾರಿ ನೌಕರರು ಕೆಲ್ಸ ನಿಲ್ಲಿಸಿದ್ರು, ಅವತ್ತೇ 17% ಮಧ್ಯಂತರ ಪರಿಹಾರ ಅಂತ ಆದೇಶ ಬಂತು, ಆಮೇಲೆ 2024ರ ಆಗಸ್ಟಿಂದ ಏಳನೇ ವೇತನ ಆಯೋಗದ್ದೂ ಜಾರಿ ಆಯ್ತು. ಆದ್ರೆ ಅವ್ರ ದಾರಿನೇ ಬೇರೆ. ಅಲ್ಲಿ ಆಯೋಗ ಶಿಫಾರಸು ಮಾಡುತ್ತೆ, ಕ್ಯಾಬಿನೆಟ್ ತೀರ್ಮಾನ ಮಾಡುತ್ತೆ, ಆದೇಶ ಹೊರಡುತ್ತೆ, ಎರಡೂ ಕಡೆಯವ್ರು ಸಹಿ ಹಾಕೋ ಅಗ್ರಿಮೆಂಟ್ ಅಂತ ಇರಲ್ಲ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲ ಅಂತ 2003ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಆದ್ರೂ ಗೆದ್ರಲ್ಲ ಅಂದ್ರೆ, ಎಲೆಕ್ಷನ್‌ಗೆ ಎರಡೂವರೆ ತಿಂಗಳೂ ಇರ್ಲಿಲ್ಲ ನೋಡಿ, ನನಗನ್ಸೋದು ಅದೇ ಕೆಲ್ಸ ಮಾಡ್ತು ಅಂತ. ನಿಮ್ ಓನರ್‌ಗೆ ಯಾವ ಎಲೆಕ್ಷನ್ ಇದೆ ಹೇಳಿ? ಸಾರಿಗೆ ನೌಕರರನ್ನ ನೋಡಿ, ಕೈಗಾರಿಕಾ ಕಾನೂನಿನ ಲೆಕ್ಕದಲ್ಲಿ ಅವ್ರು ನಿಮಗೆ ಹತ್ರ. 2021ರ ಏಪ್ರಿಲ್‌ನಲ್ಲಿ ಎರಡು ವಾರ ರಾಜ್ಯದಾದ್ಯಂತ ಬಸ್ ನಿಲ್ಸಿದ್ರು, ಲಕ್ಷಕ್ಕೂ ಮೇಲೆ ಜನ ಇದ್ರು, ಆದ್ರೂ ಕೇಳಿದ ಆರನೇ ವೇತನ ಆಯೋಗದ ಸಂಬಳ ಸಿಗ್ಲಿಲ್ಲ, ಎಷ್ಟೋ ಜನ ಸಸ್ಪೆಂಡು ಡಿಸ್ಮಿಸ್ಸು ಅಂತ ಅಲೆದ್ರು.

ಮಿನಿಮಮ್ ವೇಜ್ ವಿಷಯಕ್ಕೆ ಬರ್ತೀನಿ. ಅದು ಸರ್ಕಾರ ಹಾಕಿರೋ ತಳ, ಅದಕ್ಕಿಂತ ಕೆಳಗೆ ಕೊಟ್ರೆ ತಪ್ಪು ಅಷ್ಟೇ. ಏಪ್ರಿಲ್ 1ಕ್ಕೆ ಡಿಎ ಏರೋದೂ ಬೆಲೆ ಏರಿಕೆ ಲೆಕ್ಕದ್ದು, ಅದರಲ್ಲಿ ನಿಮ್ ಓನರ್ ದೊಡ್ಡತನ ಏನೂ ಇಲ್ಲ, ಅದನ್ನ ಇನ್‌ಕ್ರಿಮೆಂಟ್ ಅಂತ ಹೇಳಿ ಶೇಕ್‌ಹ್ಯಾಂಡ್ ಕೊಡೋ ಮ್ಯಾನೇಜರ್‌ಗಳನ್ನೂ ನೋಡಿದೀನಿ. ತಳದ ಮೇಲೆ ಎಷ್ಟು ಅನ್ನೋದೇ ಚೌಕಾಸಿ. ನಮ್ ಕಡೆ ಅಡಿಕೆ ಸುಲಿಯೋ ಹೆಂಗಸರು ಮೆಟ್ಟುಗತ್ತಿ ಮೇಲೆ ಕೂರೋಕೆ ಮುಂಚೆನೇ ಈ ವರ್ಷ ಕೇಜಿಗೆ ಎಷ್ಟು ಅಂತ ಎಲ್ರೂ ಒಟ್ಟಿಗೆ ಅಂಗಳದಲ್ಲೇ ಮಾತಾಡ್ಕೊಳ್ತಾರಲ್ಲ, ಒಬ್ಬಳೇ ಹೋಗಿ ಕೇಳಿದ್ರೆ ಬೇರೆಯವ್ಳು ಬರ್ತಾಳೆ ಬಿಡಮ್ಮ ಅಂತಾರೆ. ಫ್ಯಾಕ್ಟ್ರಿಲೂ ಅದೇ ಕತೆ, ಪೇಪರ್ ಕೆಲ್ಸ ಜಾಸ್ತಿ.

ಆ ಪೇಪರ್ ಈಗ ಬದಲಾಗಿದೆ. 1926ರ ಟ್ರೇಡ್ ಯೂನಿಯನ್ ಆಕ್ಟು, 1947ರ ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆಕ್ಟು ಎರಡರ ಜಾಗಕ್ಕೂ 2020ರ ಕೈಗಾರಿಕಾ ಸಂಬಂಧಗಳ ಕೋಡ್ ಬಂದು, 2025ರ ನವೆಂಬರ್ 21ರಿಂದ ಜಾರಿಲಿದೆ. ರಿಜಿಸ್ಟರ್ ಮಾಡೋಕೆ ಏಳು ಜನ ಅರ್ಜಿ ಹಾಕಿದ್ರೆ ಸಾಕು, ಆದ್ರೆ ಕೆಲಸಗಾರರಲ್ಲಿ 10% ಅಥವಾ 100, ಯಾವುದು ಕಮ್ಮಿನೋ ಅಷ್ಟು ಮೆಂಬರ್ಸ್ ಇರ್ಬೇಕು, ನಿಮ್ಮಲ್ಲಿ 14. ಇದು ಸುಲಭ. ಎರಡು ಗುಂಪೂ ರಿಜಿಸ್ಟರ್ ಮಾಡಿಸ್ಕೊಂಡು ಬೋರ್ಡ್ ಹಾಕ್ಬಹುದು, ಆದ್ರೆ ಮ್ಯಾನೇಜ್‌ಮೆಂಟ್ ಯಾರ ಜೊತೆ ಮಾತಾಡ್ಬೇಕು ಅನ್ನೋದು ಬೇರೆ ಪ್ರಶ್ನೆ. ಒಂದಕ್ಕಿಂತ ಜಾಸ್ತಿ ಯೂನಿಯನ್ ಇದ್ರೆ ಮಸ್ಟರ್ ರೋಲ್‌ನಲ್ಲಿ, ಅಂದ್ರೆ ಕಾರ್ಖಾನೆಯ ಹಾಜರಿ ಪಟ್ಟಿಲಿ, ಇರೋವ್ರಲ್ಲಿ 51% ಯಾರ ಹಿಂದಿದೆಯೋ ಅವ್ರೇ ಮಾತುಕತೆಯ ಯೂನಿಯನ್. ನಿಮ್ಮಲ್ಲಿ ಅದು 72 ಜನ. ಯಾರಿಗೂ ಅಷ್ಟಿಲ್ಲ ಅಂದ್ರೆ 20%, ಅಂದ್ರೆ ಕಮ್ಮಿ ಅಂದ್ರೂ 28 ಜನ ಇರೋ ಯೂನಿಯನ್‌ಗಳು ಸೇರಿ ಮಾತುಕತೆಗೆ ಒಂದು ಕೌನ್ಸಿಲ್. ಎರಡು ಗುಂಪು ಸೇರಿ 72 ದಾಟಿ ಒಂದೇ ಬ್ಯಾನರ್ ಕೆಳಗೆ ಬಂದ್ರೆ ಅರ್ಧ ಕೆಲ್ಸ ಆದಂಗೆ, ಯಾರು ಸೆಕ್ರೆಟ್ರಿ ಅನ್ನೋ ಜಗಳನ ಆಮೇಲೆ ಮಾಡ್ಕೊಳ್ಳಿ.

ಈಗ ಹೇಳೋದನ್ನ ಸ್ವಲ್ಪ ನಿಧಾನಕ್ಕೆ ಓದಿ, ಜಾಸ್ತಿ ಜನ ಎಡವೋದು ಇಲ್ಲೇ. ಬೇಡಿಕೆ ಪಟ್ಟಿ ಕೊಟ್ಟು ಮಾತಾಡಿ ಒಪ್ಪಿಗೆ ಆದ್ಮೇಲೆ ಎಲ್ಲಿ ಸಹಿ ಹಾಕ್ತೀರಿ? ಆಫೀಸ್ ರೂಮಲ್ಲಿ ಕಾಫಿ ಕುಡಿದು ನೀವೂ ಅವ್ರೂ ಹಾಕಿದ್ರೆ ಅದು ಸಹಿ ಹಾಕಿದ ಪಾರ್ಟಿಗಳಿಗೆ ಮಾತ್ರ ಅನ್ವಯ, ನಮ್ಮವ್ರು ಇವತ್ತಿಗೂ ಅದನ್ನ ಹಳೇ 1947ರ ಆಕ್ಟಿನ ಸೆಕ್ಷನ್ ಹೆಸರಲ್ಲಿ 18(1) ಅಂತಾರೆ. ಲೇಬರ್ ಆಫೀಸರ್ ಮುಂದೆ ರಾಜಿ ಸಂಧಾನದಲ್ಲಿ ಆದ್ರೆ ಅದು 12(3), ಅದು ಮೆಂಬರ್ ಅಲ್ಲದವ್ರಿಗೂ, ನಾಳೆ ಸೇರೋ ಹುಡುಗನಿಗೂ ಅನ್ವಯ. ಹೊಸ ಕೋಡಲ್ಲೂ ಈ ವ್ಯತ್ಯಾಸ ಹಾಗೇ ಇದೆ. ನನಗೆ ಗೊತ್ತಿರೋ ಒಂದು ಕಡೆ ರೂಮಲ್ಲಿ ಸಹಿ ಹಾಕಿ ಸ್ವೀಟ್ ಹಂಚಿದ್ರು, ಆಮೇಲೆ ಹೊಸದಾಗಿ ಸೇರಿದವ್ರಿಗೆಲ್ಲ ಹಳೇ ಸಂಬಳನೇ, ಒಂದೇ ಮೆಷಿನ್ ಮುಂದೆ ಎರಡು ರೇಟು. ಇನ್ನೊಂದು, ಅಗ್ರಿಮೆಂಟ್‌ನಲ್ಲಿ ಎಷ್ಟು ವರ್ಷ ಅಂತ ಬರೆಸಿ, ಬರೀದೇ ಬಿಟ್ರೆ ಆರು ತಿಂಗಳು ಅಂತ ಲೆಕ್ಕ.

ಮಾತು ಮುರಿದ್ರೆ ಆಗ ಸ್ಟ್ರೈಕ್. ಹಳೇ ಆಕ್ಟಲ್ಲಿ 14 ದಿನದ ನೋಟಿಸ್ ಬಸ್ಸು, ನೀರು, ಕರೆಂಟು ಥರದ ಸೇವೆಗಳಿಗೆ ಮಾತ್ರ ಇತ್ತು, ಈಗ ಎಲ್ಲಾ ಕಾರ್ಖಾನೆಗೂ ಬೇಕು. ಸಂಧಾನ ನಡೀತಿರೋವಾಗ, ಅದು ಮುಗಿದ ಮೇಲೂ ಏಳು ದಿನ, ನಿಲ್ಲಿಸೋ ಹಂಗಿಲ್ಲ. ಹೋಗ್ಲಿ ಎಲ್ರೂ ಒಂದೇ ದಿನ ರಜಾ ಹಾಕೋಣ ಅಂತ ಯಾರಾದ್ರೂ ಐಡಿಯಾ ಕೊಡ್ತಾರೆ, ಅರ್ಧಕ್ಕರ್ಧ ಜನ ಹಂಗೆ ಕ್ಯಾಶುಯಲ್ ಲೀವ್ ಹಾಕಿದ್ರೆ ಅದೂ ಸ್ಟ್ರೈಕೇ ಅಂತ ಕೋಡಲ್ಲೇ ಬರ್ದಿದೆ. ಕಾನೂನು ಮೀರಿದ ಸ್ಟ್ರೈಕಿಗೆ ಕೆಲಸಗಾರನಿಗೆ 1,000ದಿಂದ 10,000 ರೂಪಾಯಿ ದಂಡ, ಒಂದು ತಿಂಗಳವರೆಗೆ ಜೈಲೂ ಆಗ್ಬಹುದು. ಇಷ್ಟು ಕಟ್ಟುನಿಟ್ಟು ಮಾಡಿರೋದು ನನಗಂತೂ ಸರಿ ಕಾಣಲ್ಲ, ಆದ್ರೆ ಗೊತ್ತಿಲ್ದೆ ಸಿಕ್ಕಿಹಾಕ್ಕೊಳ್ಬೇಡಿ. ಹಂಗಂತ ಸಂಧಾನ ಬರೀ ನಿಮ್ ಕೈ ಕಟ್ಟೋದಲ್ಲ, ಅದು ನಡೀತಿರೋವಾಗ ಆ ವಿವಾದಕ್ಕೆ ಸಂಬಂಧಪಟ್ಟ ಕಾರಣ ಹೇಳಿ ನಿಮ್ಮನ್ನ ತೆಗೀಬೇಕು ಅಂದ್ರೆ ಅವ್ರೂ ಅಧಿಕಾರಿಯಿಂದ ಲಿಖಿತ ಅನುಮತಿ ತಗೋಬೇಕು.

ಈ ವಾರ ಮಾಡೋ ಕೆಲ್ಸ ಇಷ್ಟೇ, ಎರಡೂ ಗುಂಪಿನವ್ರು ಫ್ಯಾಕ್ಟ್ರಿ ಹೊರಗೆ ಎಲ್ಲಾದ್ರೂ ಕೂತು ಮೆಂಬರ್‌ಶಿಪ್ ಫಾರಂ ಎಣಿಸಿ. 72 ಆಯ್ತಾ ಇಲ್ವಾ ಅಂತ ಬರೀರಿ, ಬೇಡಿಕೆ ಪಟ್ಟಿ ಹೆಂಗೆ ಬರೀಬೇಕು ಅಂತ ಆಗ ಹೇಳ್ತೀನಿ.