ಗಣಿಕೆ ಹಣ್ಣು ತಿಂದರೆ ವಿಷವಾ?

ಪ್ರಶ್ನೆ: ಮೇಡಂ, ನಮ್ಮದು ಚಳ್ಳಕೆರೆ ಹತ್ತಿರದ ಹಳ್ಳಿ. ಹಿತ್ತಲಲ್ಲಿ ಗಣಿಕೆ ಸೊಪ್ಪಿನ ಗಿಡ ತಾನಾಗೇ ಹುಟ್ಟುತ್ತದೆ. ಅತ್ತೆ ಸೊಪ್ಪು ಕೊಯ್ದು ಸಾರು ಮಾಡುತ್ತಾರೆ, ಮಗ ಕಪ್ಪು ಹಣ್ಣು ಕಿತ್ತು ತಿನ್ನುತ್ತಾನೆ. ಅದು ಉಮ್ಮತ್ತಿ ಕುಲದ್ದು, ವಿಷ ಅಂತ ಮೊಬೈಲಿನಲ್ಲಿ ಬಂದಿತ್ತು. ಕಿತ್ತು ಹಾಕಲಾ?

ಉತ್ತರ: ಕೀಳಬೇಡಿ ತಂಗಿ. ಕುಲ ಒಂದೇ ಅನ್ನೋದು ನಿಜ. ಆದರೆ ಬದನೆ, ಟೊಮೆಟೊ, ಆಲೂಗಡ್ಡೆ, ದಾವಣಗೆರೆಯಲ್ಲಿ ಮಂಡಕ್ಕಿ ಜೊತೆ ತಿನ್ನುವ ಮೆಣಸಿನಕಾಯಿ, ಹೊಗೆಸೊಪ್ಪು, ಅಶ್ವಗಂಧ, ಎಲ್ಲವೂ ಅದೇ ಕುಲದವು. ಕುಲ ನೋಡಿ ವಿಷ ಅಂತ ಹೇಳೋಕಾಗಲ್ಲ, ಯಾವ ಗಿಡ, ಅದರ ಯಾವ ಭಾಗ, ಕಾಯೋ ಹಣ್ಣೋ ಅಂತ ನೋಡಬೇಕು. ಬಹುಶಃ ನೀವು ನೋಡಿದ್ದು ಅದೇ ಕುಲದ ಬೆಲ್ಲಡೋನ ಅನ್ನೋ ವಿಷದ ಗಿಡದ ಸುದ್ದಿ. ಅದು ಯುರೋಪಿನ ಕಡೆಯದು, ನಮ್ಮ ಬಯಲುಸೀಮೆ ಹಿತ್ತಲಲ್ಲಿ ತಾನಾಗಿ ಹುಟ್ಟುವಂಥದ್ದಲ್ಲ. ಅದರ ಹಣ್ಣೂ ಕಪ್ಪಗೆ ಹೊಳೆಯುತ್ತದೆ, ಆದರೆ ದೊಡ್ಡದು, ಒಂದೊಂದೇ ಬಿಡುತ್ತದೆ. ಗಣಿಕೆಯದು ಚಿಕ್ಕ ಚಿಕ್ಕ ಗೊಂಚಲು. ಚೆನ್ನಾಗಿ ಹಣ್ಣಾಗಿದ್ದನ್ನು ಮಗ ತಿನ್ನಲಿ, ನಾವೂ ಶಾಲೆಯಿಂದ ಬರುವಾಗ ದಾರಿಯಲ್ಲಿ ಅದನ್ನೇ ತಿಂದು ಬೆಳೆದವರು. ಹಸಿರು ಕಾಯಿ ಮಾತ್ರ ಬೇಡವೇ ಬೇಡ, ಅದರಲ್ಲಿ ಸೊಲನೈನ್ ಅನ್ನೋ ವಿಷ ಜಾಸ್ತಿ, ವಾಂತಿ ಭೇದಿ ಆಗುತ್ತದೆ. ಸೊಪ್ಪನ್ನು ಹಸಿಯಾಗಿ ತಿನ್ನದೆ ಬೇಯಿಸಿಯೇ ಬಳಸಿ.

ಹೆದರಬೇಕಾದ್ದು ಉಮ್ಮತ್ತಿಗೆ. ಶಿವನ ಪೂಜೆಗೆ ಅಂತ ಬೆಳೆಸಿದ್ದರೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಅದರ ಮುಳ್ಳುಕಾಯಿಯ ಬೀಜ ತಿಂದರೆ ಬಾಯಿ ಒಣಗುತ್ತದೆ, ಮೈ ಬಿಸಿಯಾಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮಗು ಏನೇನೋ ಬಡಬಡಿಸುತ್ತದೆ. ಗಾಳಿ ಸೋಕಿದೆ ಅಂತ ನಿವಾಳಿಸುತ್ತಾ ಕೂರಬೇಡಿ! ತಿಂದ ಕಾಯಿಯ ಚೂರನ್ನೂ ಹಿಡಿದು ಆಸ್ಪತ್ರೆಗೆ ಓಡಿ.

ಪ್ರಶ್ನೆ: ಜಗಳೂರಿನಿಂದ ಬರೆಯುತ್ತಿದ್ದೇನೆ. ಹೊಲದಲ್ಲಿ ಔಷಧಿ ಹೊಡೆಯುವಾಗ ಅಣ್ಣನಿಗೆ ವಿಷ ಏರಿತ್ತು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಇಂಜೆಕ್ಷನ್ ಕೊಟ್ಟು ಉಳಿಸಿದರು. ಉಮ್ಮತ್ತಿಯಲ್ಲಿ ಇರುವುದೂ ಅದೇ ಅಂತೆ, ಹೌದಾ?

ಉತ್ತರ: ಹೌದು, ಅಣ್ಣ ಉಳಿದರಲ್ಲ, ಅದೇ ದೊಡ್ಡ ಸಮಾಧಾನ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಮೈಗೆ ಸೇರಿದರೆ ಜೊಲ್ಲು ಸುರಿಯುತ್ತದೆ, ಬೆವರು ಇಳಿಯುತ್ತದೆ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟುತ್ತದೆ. ಮೇಲೆ ಉಮ್ಮತ್ತಿ ಏನು ಮಾಡುತ್ತದೆ ಅಂತ ಬರೆದೆನಲ್ಲ, ಅದಕ್ಕೆ ಪೂರ್ತಿ ಉಲ್ಟಾ. ಉಮ್ಮತ್ತಿ, ಬೆಲ್ಲಡೋನ ಎರಡರಲ್ಲೂ ಇರುವ ಅಟ್ರೋಪಿನ್ ಜೊಲ್ಲು, ಕಫವನ್ನು ಒಣಗಿಸುತ್ತದೆ, ನಿಧಾನವಾದ ಎದೆಬಡಿತವನ್ನು ಏರಿಸುತ್ತದೆ. ಆದ್ದರಿಂದಲೇ ಅದು ಇಲ್ಲಿ ಮದ್ದಾಗುತ್ತದೆ. ಹಾಗಂತ ಯಾರಾದರೂ ವಿಷ ಏರಿದವರಿಗೆ ಉಮ್ಮತ್ತಿ ರಸ ಕುಡಿಸಿದರೆ ಕೊಂದಂತೆಯೇ. ಒಂದೊಂದು ಗಿಡದಲ್ಲಿ ವಿಷದ ಪ್ರಮಾಣ ಒಂದೊಂದು ಥರ ಇರುತ್ತದೆ. ಡಾಕ್ಟರು ರೋಗಿಯ ಎದೆ, ನಾಡಿ ನೋಡಿಕೊಂಡು ಅಳತೆಯಲ್ಲಿ ಏರಿಸುತ್ತಾ ಹೋಗುತ್ತಾರೆ. ಇನ್ನೊಂದು ಮಾತು, ಅಣ್ಣನಿಗೆ ಹೇಳಿ: ಗಾಳಿಗೆ ಎದುರಾಗಿ ಔಷಧಿ ಹೊಡೆಯಬಾರದು, ಹೊಡೆದ ಬಟ್ಟೆಯಲ್ಲೇ ಊಟಕ್ಕೆ ಕೂರಬಾರದು.

ಪ್ರಶ್ನೆ: ಹಸಿರಾದ ಆಲೂಗಡ್ಡೆ ಬೇಯಿಸಿದರೆ ಸರಿಹೋಗುತ್ತಾ?

ಉತ್ತರ: ಇಲ್ಲ, ಅದರಲ್ಲೂ ಇರುವ ಸೊಲನೈನ್ ಬೇಯಿಸಿದರೂ ಹೋಗಲ್ಲ. ಸ್ವಲ್ಪ ಹಸಿರಿದ್ದರೆ ಆ ಭಾಗ, ಮೊಳಕೆ ಎಲ್ಲಾ ದಪ್ಪಗೆ ಕೆತ್ತಿ ತೆಗೆಯಿರಿ. ಪೂರ್ತಿ ಹಸಿರಾಗಿದ್ದರೆ, ಇಲ್ಲವೇ ಕಹಿ ಬಂದರೆ ಎಸೆಯಿರಿ, ದನಕ್ಕೂ ಹಾಕಬೇಡಿ. ಬೆಳಕು ಬಿದ್ದರೆ ಹಸಿರಾಗುತ್ತದೆ, ಆದ್ದರಿಂದ ಗೋಣಿಚೀಲ ಮುಚ್ಚಿ ಕತ್ತಲಲ್ಲಿಡಿ.