ಜೋರಾಗಿ ವ್ಯಾಯಾಮ ಮಾಡಿದರೆ ಹೃದಯಕ್ಕೆ ಒಳ್ಳೆಯದಾ, ಕೆಟ್ಟದ್ದಾ?

ನಿಮಗೆ 48 ವರ್ಷ, ದಿನಾ ನಿಧಾನವಾಗಿ ಒಂದು ಗಂಟೆ ನಡೆಯುತ್ತೀರಿ. ಒಬ್ಬ ಗೆಳೆಯ ‘ಓಡದಿದ್ರೆ ಹೃದಯಕ್ಕೆ ಏನೂ ಲಾಭ ಇಲ್ಲ’ ಅಂತಾನೆ, ಇನ್ನೊಬ್ಬ ‘ಓಡಿದ್ರೆ ಫ್ರೀ ರಾಡಿಕಲ್ ಜಾಸ್ತಿಯಾಗಿ ಹೃದಯ ಹಾಳಾಗುತ್ತೆ’ ಅಂತಾನೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಫ್ರೀ ರಾಡಿಕಲ್ ಅಂದ್ರೆ ಮೈ ಆಮ್ಲಜನಕ ಬಳಸುವಾಗ ಹುಟ್ಟುವ, ಜಾಸ್ತಿಯಾದರೆ ಜೀವಕೋಶಗಳಿಗೆ ಪೆಟ್ಟು ಕೊಡಬಲ್ಲ ಕಣಗಳು. ನಾನು ಡಾಕ್ಟರ್ ಅಲ್ಲ, ಮಡಿಕೇರಿಯವನು. ಹಾಲು ತರಲು ಹೋದರೂ ಏರು ಹತ್ತಬೇಕಾದ ಊರು.

1997ರಲ್ಲಿ ಕೊಡಗಿನ ಕರಡ ಊರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಗೊತ್ತಲ್ವಾ? ವರ್ಷವಿಡೀ ಸ್ಟಿಕ್ ಮುಟ್ಟದ ನನ್ನಂಥವರೂ ಆಗ ಮೈದಾನಕ್ಕೆ ಇಳಿಯುತ್ತೇವೆ. ಒಂದು ವರ್ಷ ಹತ್ತೇ ನಿಮಿಷಕ್ಕೆ ಕಣ್ಣು ಕತ್ತಲೆ ಬಂದು ಗೆರೆಯಾಚೆ ಕೂತೆ. ಮೂರು ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯ್ತು. ಅಭ್ಯಾಸವಿಲ್ಲದ ಮೈಗೆ ಒಮ್ಮೆಲೇ ಜೋರು ಕೊಟ್ಟರೆ ಫ್ರೀ ರಾಡಿಕಲ್‌ಗಳು ಮೈ ತಡೆಯುವುದಕ್ಕಿಂತ ಜಾಸ್ತಿ ಹುಟ್ಟುತ್ತವೆ. ಅದೇ ಆಕ್ಸಿಡೇಟಿವ್ ಸ್ಟ್ರೆಸ್. ನಿಮ್ಮ ಎರಡನೇ ಗೆಳೆಯ ಹೇಳಿದ್ದು ಇಷ್ಟರ ಮಟ್ಟಿಗೆ ಸರಿ.

ಆದರೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರೆ ಅದೇ ಫ್ರೀ ರಾಡಿಕಲ್ ಎಚ್ಚರಿಕೆ ಗಂಟೆಯ ಕೆಲಸ ಮಾಡುತ್ತದೆ. ಮೈ ತನ್ನದೇ ಆಂಟಿಆಕ್ಸಿಡೆಂಟ್ ಕಿಣ್ವಗಳನ್ನು, ಅಂದ್ರೆ ಫ್ರೀ ರಾಡಿಕಲ್ ತಗ್ಗಿಸುವ ವಸ್ತುಗಳನ್ನು, ಹೆಚ್ಚಿಸಿಕೊಳ್ಳುತ್ತದೆ. 2009ರಲ್ಲಿ ಜರ್ಮನಿಯ ಸಂಶೋಧಕರು ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರಲ್ಲಿ ಕೆಲವರಿಗೆ ಫ್ರೀ ರಾಡಿಕಲ್ ತಗ್ಗಿಸುವ ವಿಟಮಿನ್ ಸಿ ಮತ್ತು ಇ ಮಾತ್ರೆ ಕೊಟ್ಟರು. ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿದ್ದು ಮಾತ್ರೆ ನುಂಗದವರಲ್ಲಿ! ಎಲ್ಲ ಅಧ್ಯಯನಗಳಲ್ಲೂ ಹೀಗೇ ಬಂದಿಲ್ಲ, ನಿಜ. ಆದರೂ ‘ಓಡ್ತೀನಲ್ಲ’ ಅಂತ ಸುಮ್ನೆ ಮಾತ್ರೆ ನುಂಗಬೇಡಿ, ನೆಲ್ಲಿಕಾಯಿ ತಿನ್ನಿ.

ಮೊದಲನೇ ಗೆಳೆಯನದ್ದು ಅತಿಯಾಯಿತು. ನಿಧಾನ ನಡಿಗೆಯೂ ವ್ಯರ್ಥವಲ್ಲ. ಆದರೆ ಬಿರುಸು ಹೆಚ್ಚಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡಲು ಕಲಿಯುತ್ತದೆ, ಸುಮ್ಮನೆ ಕೂತಾಗ ನಾಡಿ ನಿಧಾನವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಜೋರಿನದು. ಅಳೆಯಲು ವಾಚ್ ಬೇಕಿಲ್ಲ. ಮಾತಾಡಬಹುದು, ಹಾಡಲಾಗದು ಅಂದ್ರೆ ಮಧ್ಯಮ. ನಾಲ್ಕು ಪದಕ್ಕೇ ಉಸಿರು ತಿರುಗಿಸಬೇಕಾದರೆ ಜೋರು.

ನಾನೀಗ ನಮ್ಮೂರ ರಾಜಾ ಸೀಟ್ ಉದ್ಯಾನದ ಕಡೆ ಹೋಗುವಾಗ ಎರಡು ನಿಮಿಷ ಬಿರುಸಾಗಿ ಏರುತ್ತೇನೆ, ಎರಡು ನಿಮಿಷ ಮೆಲ್ಲಗೆ. ಶುರುವಿನಲ್ಲಿ ಎರಡೇ ಸುತ್ತು, ಆರು ಸುತ್ತಿಗೆ ಬರಲು ಮೂರು ತಿಂಗಳು ಹಿಡಿಯಿತು. ನೀವೂ ಒಂದು ಗಂಟೆಯಲ್ಲಿ ಹತ್ತು ನಿಮಿಷ ಹೀಗೆ ಮಾಡಿ ನೋಡಿ. ಬಿಪಿ, ಶುಗರ್ ಇದ್ದರೆ, ಅಥವಾ ಏರುವಾಗ ಎದೆ ಹಿಡಿದಂತಾದರೆ, ಮೊದಲು ಡಾಕ್ಟರ್‌ಗೆ ತೋರಿಸಿ, ಆಮೇಲೆ ಬಿರುಸು.